ಕುಸುಬಿ ಎಣ್ಣೆಯ ಅಂಟು

ಮೊನ್ನೆ ಕುಸುಬಿ ಎಣ್ಣೆ ಬಾಟಲಿಯ ಮುಚ್ಚಳ ತಿರುಗಲೇ ಇಲ್ಲ. ಬಾಯಿಯ ಸುತ್ತ ಹಳದಿ ಅಂಟು ಬಿಗಿದು ಕೂತಿತ್ತು. ಉಗುರಿನಿಂದ ಕೆರೆದೆ. ಆ ವಾಸನೆಗೆ ಸಿಂದಗಿಯ ನಮ್ಮ ಪಕ್ಕದ ಮನೆಯ ಮಿಲಿಟರಿ ಕಾಕಾ ಕಣ್ಣ ಮುಂದೆ ಬಂದ...

ಸೈನ್ಯ ಬಿಟ್ಟು ಬಂದ ಕಾಕಾ ಕಾವಲು ಕೆಲಸಕ್ಕೆ ಸೇರಿದ್ದ. ಲೈಸೆನ್ಸಿನ ರೈಫಲ್ ಅವನದೇ. ರವಿವಾರ ಮುಂಜಾನೆ ಕಟ್ಟೆಯ ಮೇಲೆ ಹಳೇ ಧೋತರ ಹಾಸಿ, ರೈಫಲಿನ ಭಾಗಗಳನ್ನು ಬಿಚ್ಚಿ ಸಾಲಾಗಿ ಇಟ್ಟು ಒರೆಸುತ್ತಿದ್ದ. ಒಮ್ಮೆ ಬಂದೂಕಿನ ಎಣ್ಣೆ ತೀರಿತ್ತು. ಬಿಎಸ್ಸಿ ಓದುತ್ತಿದ್ದ ನಾನು ರಜೆಗೆ ಬಂದಿದ್ದೆ.

“ಒಂದ್ ಬಟ್ಟಲ ಕುಸುಬಿ ಎಣ್ಣಿ ತಾರವ್ವ. ಯಾವುದಾದ್ರೇನು, ಎಣ್ಣಿ ಎಣ್ಣೀನ.”

ತಂದುಕೊಟ್ಟೆ. ಅಂಗಳ ಗುಡಿಸುತ್ತಿದ್ದ ಕಾಕು, ಅವನ ಹೆಂಡತಿ, ನಕ್ಕಳು. “ಸಾಸವಿ ಜೀರಗಿನೂ ಕೊಡ್ಲೇನ್ರಿ? ಬಂದೂಕಿಗೆ ಒಗ್ಗರಣಿ ಹಾಕ್ರಿ!”

ಮೂರ್ನಾಲ್ಕು ತಿಂಗಳ ಮೇಲೆ ನಾನು ಮತ್ತೆ ರಜೆಗೆ ಬಂದಾಗ ರೈಫಲ್ ಸತಾಯಿಸತೊಡಗಿತ್ತು. ಗುಂಡಿಗೆ ಬಡಿಯುವ ಸೂಜಿಯನ್ನು ತಡೆದು ಹಿಡಿಯುವ ಕೊಕ್ಕೆ ಒಮ್ಮೊಮ್ಮೆ ಹಿಡಿಯುತ್ತಿರಲಿಲ್ಲ. ಗುಂಡು ಕೂರಿಸುವ ಬೋಲ್ಟ್ ಮುಂದೆ ತಳ್ಳಿದರೆ ಸಾಕು, ಖಾಲಿ ಬಂದೂಕು, ಟ್ರಿಗರ್ ಒತ್ತದೆಯೇ, ಗೋಡೆಯಾಚೆ ಟಕ್ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ... ಟಕ್.

“ಸ್ಪ್ರಿಂಗ್ ಸಡ್ಲ ಆಗೇತಿ,” ಅಂದ ಕಾಕಾ. ಹೊಸದು ಹಾಕಿದ. ಹತ್ತು ಸಲ ಪರೀಕ್ಷಿಸಿದ. ಹತ್ತೂ ಸಲ ಕೊಕ್ಕೆ ಹಿಡಿಯಿತು.

ರಜೆಗೆ ಬರುವ ಮುಂಚಿನ ವಾರವಷ್ಟೇ ಕ್ಲಾಸಿನಲ್ಲಿ ಕಲಿತಿದ್ದೆ: ಕುಸುಬಿ ಎಣ್ಣೆ ಗಾಳಿಗೆ ಒಣಗಿ ವಾರ್ನಿಶಿನಂತೆ ಗಟ್ಟಿಯಾಗುತ್ತದೆ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಕಲಿತದ್ದನ್ನೆಲ್ಲ ಓಣಿಗೆ ಸಾರುತ್ತಿದ್ದೆ. ಕೊಕ್ಕೆ ಆ ಅಂಟಿಗೇ ಸಿಕ್ಕಿರಬೇಕು ಎಂದು ಹೊಳೆದರೂ ಅದೊಂದನ್ನು ಹೇಳಲಿಲ್ಲ. ಎಣ್ಣೆ ಕೊಟ್ಟವಳು ನಾನೇ ಅಲ್ಲವೇ... ಹೇಗೂ ರಿಪೇರಿಯಾಯಿತಲ್ಲ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟ ಕಾಕಾ ಬಾಗಿಲಲ್ಲಿ ನಿಂತು ಗುಂಡು ತುಂಬಿದ. ರೂಢಿಯಂತೆ ನಳಿಕೆ ನೆಲದ ಕಡೆಗಿತ್ತು. ಕಾಕು ರಂಗೋಲಿ ಬಟ್ಟಲು ಹಿಡಿದು ಅಡ್ಡ ಬಂದು ಬಗ್ಗಿದಳು. ಅವನ ಬೆರಳು ಟ್ರಿಗರ್ ಮೇಲಿರಲಿಲ್ಲ; ನಾನು ನೋಡಿದ್ದೇನೆ. ಬೋಲ್ಟ್ ಮುಂದೆ ತಳ್ಳಿದ, ಅಷ್ಟೇ; ಗುಂಡು ಹಾರಿತು.

ಆಸ್ಪತ್ರೆ ಮುಟ್ಟುವ ಮೊದಲೇ ಕಾಕು ಹೋದಳು.

“ಸ್ಪ್ರಿಂಗ್ ಹಾಕಿದಾಂವ ನಾನs ರಿ. ತಪ್ಪ ನಂದs,” ಎಂದ ಕಾಕಾ ಪೊಲೀಸರ ಮುಂದೆ. ಕೋರ್ಟಿನಲ್ಲೂ ಅದನ್ನೇ ಅಂದ. ಮುಂದೆ ನಾನು ಊರಿಗೆ ಹೋದಾಗಲೆಲ್ಲ ಅಂಗೈ ಚಾಚುತ್ತಿದ್ದ. “ಈ ಕೈ ತಪ್ಪ ಮಾಡ್ಯಾವ ನೋಡವ್ವ...” ನಾನು ತಲೆ ತಗ್ಗಿಸಿ ಚಹಾ ಕುಡಿದು ಬರುತ್ತಿದ್ದೆ.

ಈಗ ಬಾಗೇವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎಣ್ಣೆ ಯಾಕೆ ಗಟ್ಟಿಯಾಗುತ್ತದೆ ಎಂದು ವರ್ಷವೂ ಬೋರ್ಡಿನ ಮೇಲೆ ಬರೆದು ತಿಳಿಸುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಇದನ್ನು ಕೇಳಬೇಕಾಗಿದ್ದವನು ಹೋದ ಬೇಸಿಗೆಯಲ್ಲಿ ತೀರಿಕೊಂಡ, ತನ್ನ ಕೈಗಳನ್ನೇ ಶಪಿಸುತ್ತ.