ಕುರಿಯ ಬೆನ್ನಿನ ನೀಲಿ

—ಅಥವಾ ಅದು ಹಸಿರಾಗಿತ್ತೋ ಏನೋ. ಆದರೆ ತೊಳೆದವಳು ನಾನೇ, ಪದ್ಮಾ ಆಂಟಿ. ಪಕ್ಕದವರ ಟಗರಿನ ಬಣ್ಣವನ್ನು ನಿಮ್ಮ ಕುರಿಯ ಬೆನ್ನಿನಿಂದ ತೊಳೆದು, ಅದೇ ಜಾಗಕ್ಕೆ ನಿಮ್ಮ ಟಗರಿನ ಕೆಂಪು ಬಳಿದೆ. ಇಷ್ಟು ವರ್ಷ ನಿಮಗೆ ಹೇಳಲಿಲ್ಲ.

2012ರಲ್ಲಿ ನಿಮ್ಮ ಅಕ್ಕನ ಆಪರೇಷನ್ನಿಗೆಂದು ಬೆಂಗಳೂರಿಗೆ ಹೊರಟ ನೀವು, ಇಲ್ಲಿನ ರಮೋನಾ ಊರಿನಾಚೆ ಗುಡ್ಡದಲ್ಲಿದ್ದ ನಿಮ್ಮ ಕುರಿಮಂದೆಯನ್ನು ನನಗೆ ಒಪ್ಪಿಸಿದಿರಿ. "ಕಾರ್ಲ್ಸ್‌ಬಾಡ್ ಲ್ಯಾಬಲ್ಲಿ ಇಲಿ ಸಾಕ್ತೀಯಲ್ಲೇ, ಕುರಿ ಏನು ಮಹಾ? ಗೇಟ್ ಮಾತ್ರ ಮರೀಬೇಡ. ಪಕ್ಕದವರ ಟಗರು ಭಾರಿ ರಸಿಕ."

ಆ ಜಾಗವನ್ನು ನಿಮಗೆ ಮಾರಿದ ಮುದುಕಿಯ ಅಜ್ಜ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಡಗಿನಲ್ಲಿ ಬೆಟ್ಟದ ಕುರಿಗಳನ್ನು ತರಿಸಿ, ಈ ಒಣ ಗುಡ್ಡವನ್ನು ತಾಳುವ ತಳಿಗಾಗಿ ಸಾಯುವವರೆಗೂ ಪ್ರಯೋಗ ಮಾಡಿದ್ದನಂತೆ. ಆ ತಳಿ ಉಳಿದದ್ದು ನಿಮ್ಮಲ್ಲಿ ಮಾತ್ರ. ಬೇರೆ ರಕ್ತ ಬೆರೆಸುವುದಿಲ್ಲವೆಂದು ನೀವು ಆಕೆಗೆ ಮಾತು ಕೊಟ್ಟಿದ್ದಿರಿ.

ಗೇಟು ಮರುಭೂಮಿಯಿಂದ ಬೀಸುವ ಸಾಂಟಾ ಅನಾ ಗಾಳಿಗೆ ತೆರೆದುಕೊಂಡಿತು ಎಂದೇ ಬಹಳ ಕಾಲ ನೆನಪಿಟ್ಟುಕೊಂಡಿದ್ದೆ. ಗಾಳಿ ಇತ್ತು, ನಿಜ. ಆದರೆ ಚಿಲಕ ತೆಗೆಯಲು ಗಾಳಿಗೆ ಬರುವುದಿಲ್ಲ. ಫೋನಿನಲ್ಲಿ ಮಾತಾಡುತ್ತಾ—ಯಾರೊಡನೆ?—ನಾನೇ ಹಾಕದೆ ಹೋಗಿದ್ದೆ.

ಬೆಳಿಗ್ಗೆ ಬಂದು ನೋಡಿದರೆ ಪಕ್ಕದವರ ಕಪ್ಪು ಮುಖದ ಟಗರು ಮಂದೆಯ ನಡುವೆ ನಿಂತಿತ್ತು. ಟಗರಿನ ಎದೆಗೆ ಬಣ್ಣ ಬಳಿದಿರುತ್ತಾರೆ. ಅದು ಕೂಡಿದ ಕುರಿಯ ಬೆನ್ನಿಗೆ ಆ ಬಣ್ಣ ಅಂಟುತ್ತದೆ. ಒಂದು ಕುರಿಯ ಬೆನ್ನು ನೀಲಿಯಾಗಿತ್ತು. ಅದರಡಿ ಮೊದಲೇ ನಿಮ್ಮ ಟಗರಿನ ಕೆಂಪು ಇತ್ತೆ? ಇತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ—ಇತ್ತು ಎನ್ನಿಸಬೇಕೆಂದು ನನಗೆ ಆಸೆ, ಅಷ್ಟೆ. ಟಗರನ್ನು ಆಚೆ ಅಟ್ಟಿ, ಆ ಬೆನ್ನಿಗೆ ಸೋಪು ಹಾಕಿ ಉಜ್ಜಿದೆ. ಕುರಿ ಸುಮ್ಮನೆ ನಿಂತಿತ್ತು.

ವಸಂತದಲ್ಲಿ ಅದಕ್ಕೆ ಗಂಡು ಮರಿ ಹುಟ್ಟಿತು, ನಿಮ್ಮ ಮಂದೆಯಂತೆಯೇ ಬಿಳಿ ಮುಖದ್ದು. ನನಗೆ ಉಸಿರು ಬಂತು. ಆದರೆ ಆ ಬೇಸಿಗೆ ನಿಮ್ಮ ಮುದಿ ಟಗರು ಸತ್ತು, ಮಂದೆಗೆ ಆ ಮರಿಯೇ ಟಗರಾಯಿತು.

"ಮುಖ ಸ್ವಲ್ಪ ಉದ್ದ ಅನ್ಸುತ್ತೆ ಕಣೇ," ಎಂದು ನೀವು ಅದರ ಕಿವಿಯ ಚೂರೊಂದನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟಿರಿ. "ನಿಮ್ಮ ಲ್ಯಾಬಲ್ಲಿ ತಳಿ ಟೆಸ್ಟ್ ಮಾಡಿಸಿಬಿಡು, ನನಗೂ ನಿದ್ದೆ ಬರ್ಲಿ."

ಅದನ್ನು ದಾರಿಯ ಗ್ಯಾಸ್ ಸ್ಟೇಷನ್ನಿನ ಕಸದ ಡಬ್ಬಿಗೆ ಹಾಕಿದೆ. ಕೆಲವು ದಿನ ಬಿಟ್ಟು ಫೋನ್ ಮಾಡಿ ಹೇಳಿದೆ: "ಪ್ಯೂರ್ ಆಂಟಿ. ಏನೂ ಮಿಕ್ಸ್ ಇಲ್ಲ."

"ಬದುಕಿದೆ ಕಣೇ," ಎಂದಿರಿ.

ಅಂದಿನಿಂದ ಪ್ರತಿ ವಸಂತವೂ ನನಗೆ ಭಯ. ನೀವು ಕಳಿಸುವ ಮರಿಗಳ ಫೋಟೋಗಳನ್ನು ದೊಡ್ಡದು ಮಾಡಿ ಕಿವಿಯ ಬುಡ, ಮೂಗಿನ ಅಂಚು ನೋಡುತ್ತೇನೆ. ಅಡಗಿದ ಕಪ್ಪು ಎರಡು ತಲೆಮಾರು ದಾಟಿಯೂ ಹೊರಬರಬಹುದು. ಅದನ್ನು ಓದಿಯೇ ನಾನು ಡಿಗ್ರಿ ಪಡೆದದ್ದು. ಇದುವರೆಗೆ ಎಲ್ಲವೂ ಬಿಳಿ. ಅದರಿಂದ ಏನೂ ಸಾಬೀತಾಗುವುದಿಲ್ಲ.

ಮೊನ್ನೆ ನೀವು ಫೋನ್ ಮಾಡಿ, ಆ ಟಗರಿನ ಮರಿಗಳನ್ನು ಬೇರೆ ರಾಜ್ಯಗಳ ಸಾಕಣೆದಾರರಿಗೆ ಕೊಡುತ್ತಿರುವುದಾಗಿ ಹೇಳಿದಿರಿ. "ನಂಗೆ ವಯಸ್ಸಾಯ್ತು, ತಳಿ ಉಳೀಬೇಕಲ್ಲ. ಕೇಳಿದೋರಿಗೆಲ್ಲ ಹೇಳ್ತೀನಿ, ನಮ್ಮ ಹುಡುಗೀನೇ ಟೆಸ್ಟ್ ಮಾಡಿದಾಳೆ ಅಂತ."

ಕೊಡಬೇಡಿ ಆಂಟಿ, ಈಗಲೇ ಬೇಡ. ನಾನು ಟೆಸ್ಟ್ ಮಾಡಲಿಲ್ಲ. ಆ ಟಗರಿನ ತಂದೆ ಯಾವುದೆಂದು ನನಗೆ ಗೊತ್ತಿಲ್ಲ.