ಮಲ್ಲಿಗಮ್ಮ ಮರಳು ಹೊತ್ತ ರಸ್ತೆ

ಮಲ್ಲಿಗಮ್ಮ ದುದ್ದದ ಕಡೆಯ ಹೆಣ್ಣು. ಮದುವೆಯಾಗಿ ಚನ್ನರಾಯಪಟ್ಟಣದ ದಾರಿಯ ಕೇರಿಯೊಂದಕ್ಕೆ ಬಂದವಳು ಅರ್ಧ ಆಯುಸ್ಸನ್ನು ರಸ್ತೆ ಕೆಲಸದಲ್ಲೇ ಸವೆಸಿದಳು. ಕೇರಿಯ ಪಕ್ಕದ ತಗ್ಗಿಗೆ ಹೊಳೆಮರಳು ತುಂಬಿಸಿ ಹೆದ್ದಾರಿ ಎತ್ತರಿಸಿದಾಗ ಬುಟ್ಟಿ ಹೊತ್ತವರಲ್ಲಿ ಅವಳೇ ಮುಂದು. ಆ ರಸ್ತೆ ತನ್ನ ಸ್ವಂತದ್ದು ಎನ್ನುವಷ್ಟು ಅಭಿಮಾನ ಅವಳಿಗೆ. ಮಗಳು ಮುದ್ದಮ್ಮ ಅಲ್ಲೇ ಬಸ್ಸು ಹತ್ತಿ ಪಟ್ಟಣದ ಸ್ಕೂಲಿಗೆ ಹೋಗುತ್ತಿದ್ದಳು. ಕೇರಿಯಿಂದ ಹಾಗೆ ಹೋದ ಮೊದಲ ಹುಡುಗಿ.

ಅರವತ್ತೆರಡನೇ ಇಸವಿಯ ಮಳೆಗಾಲ ಕಳೆದ ಮೇಲೆ ರಸ್ತೆ ಒಂದೇ ಕಡೆ ಕುಸಿಯತೊಡಗಿತು. ಜಲ್ಲಿ ಹಾಕಿ ಡಾಂಬರು ಬಳಿದರೆ ತಿಂಗಳೊಳಗೆ ಮತ್ತೆ ತಗ್ಗು. ಹೊಸದಾಗಿ ವರ್ಗವಾಗಿ ಬಂದಿದ್ದ ಓವರ್‌ಸಿಯರ್ ಗೌರೀಶಂಕರ ಮರಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು, ನೀರು ಬಿಟ್ಟು ನೋಡಿದರು, ನೆಲ ಗಟ್ಟಿಸುವ ದಿಮ್ಮಸು ಸರಿಯಾಗಿ ಹೊಡೆದಿಲ್ಲವೆಂದು ಸಿಕ್ಕಸಿಕ್ಕವರನ್ನು ಬೈದರು. ಬೈಗುಳಕ್ಕೆ ಗಟ್ಟಿಯಾಗುವ ರಸ್ತೆಯಾಗಿದ್ದರೆ ಅದು ಎಂದೋ ಕಲ್ಲಾಗಿರುತ್ತಿತ್ತು. ಕೊನೆಗೆ, "ಗುಂಡಿ ತೋಡಿ ನೋಡೋಣ. ಕಾರಣ ಸಿಗದಿದ್ದರೆ ಬಸ್ ನಿಲ್ಲಿಸಬೇಕಾಗುತ್ತೆ," ಎಂದರು. ಬಸ್ಸು ನಿಂತರೆ ಮುದ್ದಮ್ಮನ ಸ್ಕೂಲೂ ನಿಂತಂತೆಯೇ. ಮಾರನೆಯ ದಿನ ಬೆಳಗಿನ ಬಸ್ಸು ದಾಟಿದ್ದೇ ತಡ, ಮಲ್ಲಿಗಮ್ಮ ಎಲ್ಲರಿಗಿಂತ ಮೊದಲು ಬುಟ್ಟಿ ಹಿಡಿದು ಬಂದಳು.

ಆಳುದ್ದ ತೋಡುವಷ್ಟರಲ್ಲಿ ಮೇಸ್ತ್ರಿ ಮಂಚಯ್ಯನ ಹಾರೆ ಸರ್ರನೆ ಒಳಗಿಳಿದು ಕೈತಪ್ಪಿತು. ಕೆಳಗೆಲ್ಲೋ ನೀರಿಗೆ ಬಿದ್ದ ಸದ್ದಾಯಿತು. ಮರಳು ಸರಿಸಿದರೆ ಕೊಳೆತು ಹಿಟ್ಟಾದ ತೆಂಗಿನ ತೊಲೆಗಳು; ಅವುಗಳ ನಡುವೆ ಕಪ್ಪು ಪೊಳ್ಳು.

"ಏನಿದು?" ಗೌರೀಶಂಕರ ಬಗ್ಗಿ ನೋಡಿದರು.

"ನಮ್ ಕೇರಿ ಅಳೇ ಬಾವಿ ಸಾ," ಮಲ್ಲಿಗಮ್ಮ ಅಂದಳು. "ನೀರು ಕೊಟ್ಟ ಬಾವಿ ಬಾಯ್ಗೆ ಮಣ್ಣಾಕ್ಬಾರ್ದು ಅಂತ ತೊಲೆ ಅಡ್ಡ ಆಕಿ ಮ್ಯಾಲೆ ಮರಳು ಸುರುದ್ವಿ. ಎಲ್ರೂ ಸೇರ್ಕಂಡೇ ಮಾಡಿದ್ದು."

"ಯಾಕೆ ಹೇಳಲಿಲ್ಲ?"

"ಯಾರೂ ಕೇಳ್ನಿಲ್ಲ ಸಾ."

ಇಷ್ಟು ಕಾಲವೂ ಮರಳು ತೊಲೆಗಳ ಸಂದಿಯಿಂದ ಬಾವಿಗೆ ಸೋರುತ್ತಿತ್ತು. ಮುರಿಯದೆ ಉಳಿದದ್ದು ಒಂದೇ ತೊಲೆ, ಅದೂ ಅರ್ಧ ಕೊಳೆತಿತ್ತು. ಬೆಳಗಿನ ಬಸ್ಸು ಅದರ ಮೇಲೆಯೇ ಹೋಗಿತ್ತು. ಮುದ್ದಮ್ಮ ಕಿಟಕಿಯಿಂದ ಕೈಬೀಸಿದ್ದಳು. ಮಲ್ಲಿಗಮ್ಮ ಗುಂಡಿಯ ಪಕ್ಕದಲ್ಲೇ ಕೂತುಬಿಟ್ಟಳು. ಪುಣ್ಯವೆಂದುಕೊಂಡು ಮಾಡಿದ್ದೇ ಮಗಳನ್ನು ನುಂಗಲು ಕಾದಿತ್ತು.

ಬಾವಿಯನ್ನು ತಳದಿಂದಲೇ ಕಲ್ಲು ಮಣ್ಣಿನಲ್ಲಿ ತುಂಬಬೇಕು ಎಂದರು ಗೌರೀಶಂಕರ. ಯಾರೂ ಕದಲಲಿಲ್ಲ. ಮಂಚಯ್ಯ ತಲೆ ತಗ್ಗಿಸಿ, "ಮೊದ್ಲ ಬುಟ್ಟಿ ಯಾರಾಕ್ತಾರೆ ಸಾ? ಆ ಪಾಪ ಯಾರ್ಗ್ ಬೇಕು?" ಅಂದ.

ಮಲ್ಲಿಗಮ್ಮ ಎದ್ದಳು. ಬುಟ್ಟಿಗೆ ಮಣ್ಣು ತುಂಬಿಕೊಂಡು ಬಾವಿಯ ಅಂಚಿಗೆ ಬಂದಳು.

"ನಂಗಿರ್ಲಿ ಕಣಣ್ಣ ಆ ಪಾಪ. ಸಂಜೆ ಬಸ್ಸಿಗೆ ನನ್ ಮಗ್ಳು ಬತ್ತಾಳೆ."