ತಕ್ರಾರ್ ಇಲ್ಲದ ರಸ್ತೆ

ವಾಳೂಜಿಗೆ ಬಂದ ಮೊದಲ ಮಧ್ಯಾಹ್ನ ರಸ್ತೆ ದಾಟುವಾಗ ನನ್ನ ಎಡಗಾಲಿನ ಚಪ್ಪಲಿ ಡಾಂಬರಿನಲ್ಲೇ ಉಳಿದುಬಿಟ್ಟಿತು. ಬರಿಗಾಲು ಊರಿದ್ದೇ ತಡ, ನಡುರಸ್ತೆಯಲ್ಲಿ ಕುಣಿದಾಡಿದೆ. ಕಾರ್ಖಾನೆಯ ಗೇಟಿನಲ್ಲಿದ್ದ ಹೆಂಗಸರು ನಕ್ಕರು. ನಮ್ಮ ಧಾರವಾಡದಲ್ಲಿ ನಾಲ್ಕು ದಿನ ಬಿಸಿಲು ಕಾದರೆ ಐದನೆಯ ಸಂಜೆ ಮಳೆ ಬಂದು ಬೀದಿ ತಣಿಯುತ್ತದೆ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಈ ಅಂಚಿನಲ್ಲಿ ಸೂರ್ಯ ಮುಳುಗಿದ ಮೇಲೂ ರಸ್ತೆ ಬಿಸಿ ಉಗುಳುತ್ತಲೇ ಇರುತ್ತದೆ.

ನನ್ನ ಕೆಲಸವೇ ಆ ರಸ್ತೆ. ಡಾಂಬರಿನ ಮೇಲೆ ತಿಳಿ ಬೂದು ಬಣ್ಣದ ಲೇಪ ಬಳಿಯುವ ಸಣ್ಣ ಕಂಪನಿಗೆ ಎಂಜಿನಿಯರಾಗಿ ಬಂದಿದ್ದೆ. ಕಪ್ಪು ಡಾಂಬರು ಹೀರಿಕೊಳ್ಳುವ ಬಿಸಿಲನ್ನು ಈ ಲೇಪ ಹಿಂದಕ್ಕೆ ಎಸೆಯುತ್ತದೆ; ರಸ್ತೆ ಅಷ್ಟು ಕಾಯುವುದಿಲ್ಲ.

ತಗಡಿನ ಮಾಡಿನ ಒಂದು ಖೋಲಿ ಸಿಕ್ಕಿತು. ರೊಟ್ಟಿಗೆ ಭಾಕ್ರಿ ಎನ್ನಲು ಕಲಿತೆ. ಮರಾಠಿಯಲ್ಲಿ ತಪ್ಪಿಲ್ಲದೆ ವರದಿ ಬರೆದ ದಿನ ಅವ್ವನಿಗೆ ಫೋನ್ ಮಾಡಿ ಹೇಳಿಕೊಂಡೆ. ಕನ್ನಡ ಆಡಲು ಮಾತ್ರ ಎದುರಿಗೆ ಯಾರೂ ಇರಲಿಲ್ಲ. ಹಾಗಿದ್ದಾಗ ಸಿಕ್ಕಿದ್ದು ಶಾಂತವ್ವ.

ಆಕೆ ಆಳಂದದ ಕಡೆಯವಳು. ಡಾಂಬರು ಹಾಕುವ ಕೆಲಸಕ್ಕೆ ಗಂಡನ ಜೊತೆ ಬಂದು, ಆತ ತೀರಿದ ಮೇಲೂ ಇಲ್ಲೇ ಉಳಿದು, ಗೇಟಿನೆದುರು ಗಾಡಿಯಲ್ಲಿ ಮಜ್ಜಿಗೆ ಮಾರುತ್ತಿದ್ದಳು. ನನ್ನ ಫೋನಿನ ಮಾತು ಕೇಳಿ, "ಬಾಯಿ, ನೀವು ನಮ್ಮ ಕಡೇರೇನ್ರಿ?" ಎಂದಳು, ಅಕ್ಕ ಎಂದು ಕರೆಯುವ ಸಲುಗೆಯಲ್ಲಿ. ಅಂದಿನಿಂದ ನನ್ನ ಮಧ್ಯಾಹ್ನಗಳೆಲ್ಲ ಆ ಗಾಡಿಯ ಬಳಿಯೇ.

ನಮ್ಮ ಪ್ರಯೋಗದ ಲೇಪ ಬಿದ್ದದ್ದು ಅದೇ ಗೇಟಿನ ಮುಂದೆ. ವಾರ ಕಳೆದ ಮೇಲೆ ಶಾಂತವ್ವ ಕಣ್ಣುಜ್ಜುತ್ತ ಹೇಳಿದಳು, "ಕಣ್ಣ ಚುರುಚುರು ಅಂತಾವ್ರಿ. ಮ್ಯಾಲಿಂದೂ ಬಿಸಲ, ಕೆಳಗಿಂದೂ ಬಿಸಲ. ಮಾರಿ ಸುಟ್ಟಂಗ ಆಗ್ತದ."

ನಾನು ಶಾಖ ಅಳೆಯುವ ಯಂತ್ರವನ್ನು ನೆಲಕ್ಕೆ ಹಿಡಿದು ತೋರಿಸಿದೆ. "ನೋಡ್ರಿ, ಆ ಕರೇ ರಸ್ತೆಕಿಂತ ಇದು ಎಷ್ಟ ತಂಪ ಐತಿ!"

"ರಸ್ತಾ ತಂಪ ಆಗ್ಯಾದ್ರಿ ಬಾಯಿ. ಅದರ ಮ್ಯಾಲ ನಿಂತಾಕಿ ನಾನು."

ವರದಿಯಲ್ಲಿ 'ತಕ್ರಾರ್' ಎಂಬ ಕಾಲಂ ಇತ್ತು. ನಮ್ಮಲ್ಲಿ ತಕರಾರು ಎಂದರೆ ಸ್ವಲ್ಪ ಜಗಳದ ವಾಸನೆ. ಮರಾಠಿಯಲ್ಲಿ ಅದು ಬರೀ ದೂರು. ಶಾಂತವ್ವ ದೂರು ಕೊಟ್ಟಿಲ್ಲ, ಊರ ಕಡೆಯವಳ ಹತ್ತಿರ ಕಷ್ಟಸುಖ ಹೇಳಿಕೊಂಡಿದ್ದಾಳೆ, ಅಷ್ಟೇ ಎಂದುಕೊಂಡು 'ಇಲ್ಲ' ಎಂದು ಬರೆದೆ. ನಿಜವೆಂದರೆ, ಹೊಸ ಊರಿನ ನನ್ನ ಮೊದಲ ಗೆಲುವು ಕೆಡುವುದು ನನಗೆ ಬೇಕಿರಲಿಲ್ಲ. ಅದೇ ಮಾತನ್ನು ಕಾರ್ಖಾನೆಯ ಅಧಿಕಾರಿಯೊಬ್ಬರು ಮರಾಠಿಯಲ್ಲಿ ಹೇಳಿದ್ದರೆ ಖಂಡಿತ ಬರೆಯುತ್ತಿದ್ದೆ.

ಕೆಲವೇ ದಿನಗಳಲ್ಲಿ, ನಡುಮಧ್ಯಾಹ್ನ, ಶಾಂತವ್ವ ಗಾಡಿಯ ಪಕ್ಕದಲ್ಲೇ ತಲೆಸುತ್ತಿ ಬಿದ್ದಳು. ಕಾರ್ಮಿಕರು ದವಾಖಾನೆಗೆ ಸೇರಿಸಿದರು. ನಾನು ಹೋದಾಗ ಕೈಗೆ ಸಲೈನ್ ಹಾಕಿದ್ದರು.

"ನಾ ಅಂದದ್ದು ಸಾಹೇಬ್ರಿಗೆ ಹೇಳಿದ್ರೇನ್ರಿ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಇಲ್ರಿ," ಎಂದೆ. "ಬರೀಲಿಲ್ಲ."

"ನಿಮಗ ಅಂದ್ರ ಅವರಿಗೆ ಅಂದಂಗ ಅಂತ ತಿಳ್ಕೊಂಡಿದ್ದೆ," ಎಂದು ಶಾಂತವ್ವ ಗೋಡೆಯ ಕಡೆ ಹೊರಳಿದಳು.

ಮರುದಿನ ಆಕೆ ನಿಲ್ಲುತ್ತಿದ್ದ ಜಾಗದಲ್ಲಿ ನಡುಮಧ್ಯಾಹ್ನ ಒಂದು ತಾಸು ನಿಂತೆ. ಈ ಸಲ ಯಂತ್ರವನ್ನು ನೆಲಕ್ಕೆ ಹಿಡಿಯಲಿಲ್ಲ. ಝಳ ಹಿಡಿಯುವ ಥರ್ಮಾಮೀಟರನ್ನು ಎದೆಯ ಮಟ್ಟದಲ್ಲಿಟ್ಟೆ, ಆಮೇಲೆ ಪಕ್ಕದ ಕಪ್ಪು ರಸ್ತೆಯಲ್ಲೂ ಹಾಗೇ ಅಳೆದೆ. ಕಪ್ಪು ರಸ್ತೆಗಿಂತ ನಮ್ಮ ತಂಪು ರಸ್ತೆಯ ಮೇಲೆ ನಿಂತವರಿಗೇ ಝಳ ಹೆಚ್ಚು. ಎಲ್ಲವನ್ನೂ ಬರೆದೆ, ಶಾಂತವ್ವನ ಮಾತನ್ನು ಆಕೆಯ ಹೆಸರಿನ ಸಮೇತ ಮರಾಠಿಗೆ ತಂದೆ. ನಮ್ಮ ಕಂಪನಿಯ ನಾಶಿಕ್ ಕಚೇರಿಯ ಸಾಹೇಬರು ಓದಿ ಒಂದೇ ಪ್ರಶ್ನೆ ಕೇಳಿದರು: "ಹೇ ಆಧೀ ಕಾ ನಾಹೀ ಲಿಹಿಲಂ?" ಇದನ್ನು ಮೊದಲೇ ಯಾಕೆ ಬರೆಯಲಿಲ್ಲ?

ಈಗ ಜನ ನಿಂತು ದುಡಿಯುವಲ್ಲಿ ಆ ಲೇಪ ಬಳಿಯುವುದಿಲ್ಲ. ವಾಹನ ನಿಲ್ಲಿಸುವ ಬಯಲುಗಳಿಗಷ್ಟೇ. ಗೇಟುಗಳ ಬಳಿ ಮೊದಲು ನೆರಳಿನ ವ್ಯವಸ್ಥೆ ಮಾಡುತ್ತೇವೆ. ನನ್ನನ್ನು ನಾಶಿಕ್‌ಗೆ ವರ್ಗ ಮಾಡಿದರು. ರಜೆಗೆ ಊರಿಗೆ ಹೋದರೆ, ನನ್ನ ಮಾತಿನಲ್ಲಿ ಅರ್ಧ ಮರಾಠಿ ಎಂದು ಅವ್ವ ನಗುತ್ತಾಳೆ.

ಶಾಂತವ್ವ ಚೇತರಿಸಿಕೊಂಡು ಬಸ್ ನಿಲ್ದಾಣದ ಬೇವಿನ ಮರದಡಿ ಗಾಡಿ ಇಟ್ಟುಕೊಂಡಿದ್ದಾಳೆ. ಸಂಭಾಜಿನಗರಕ್ಕೆ ಹೋದಾಗಲೆಲ್ಲ ಅಲ್ಲಿಗೆ ಹೋಗುತ್ತೇನೆ. "ಆರಾಮ ಅದೀರೇನ್ರಿ ಶಾಂತವ್ವ?" ಎನ್ನುತ್ತೇನೆ.

"ಬರಂ ಆಹೇ, ಮ್ಯಾಡಮ್," ಚೆನ್ನಾಗಿದ್ದೇನೆ ಎನ್ನುತ್ತಾಳೆ, ಲೋಟ ತುಂಬಿ ಕೊಡುತ್ತ. ಎಲ್ಲ ಗಿರಾಕಿಗಳಿಗೆ ಹೇಳುವಷ್ಟೇ ಮರ್ಯಾದೆಯಿಂದ, ಮರಾಠಿಯಲ್ಲಿ.